ಪಕ್ಕದ ಮನೆಯ ಮಕ್ಕಳು

ದೆಶಾ ಮದುವೆಯಾಗಿ ಮ್ಲ್ಯೆತ್ ದ್ವೀಪಕ್ಕೆ ಬಂದಾಗ ಎರಡು ಟ್ರಂಕು ಬಟ್ಟೆ, ಒಂದು ಹೊಲಿಗೆ ಯಂತ್ರ, ಜೊತೆಗೆ ಬಾಯಿ ತುಂಬ ಮಾತು ತಂದಿದ್ದಳು. ಅವಳು ಎದುರು ದಡದ ಪೆಲ್ಯೆಶಾತ್ಸ್‌ನವಳು. ಅಲ್ಲಿನ ದ್ರಾಕ್ಷಿತೋಟದ ಮಂದಿಗೆ ದ್ವೀಪದವರನ್ನು ಕಂಡರೆ ಮೂಗು ಮುರಿಯುವ ಅಭ್ಯಾಸ ಅಜ್ಜ ಮುತ್ತಜ್ಜಂದಿರಿಂದ ಬಂದದ್ದು. "ಮ್ಲ್ಯೆತ್‌ನವನ ಕೈ ಕುಲುಕಿದ್ಯಾ? ಬೆರಳು ಎಣಿಸ್ಕೊಂಡು ನೋಡು ಮಾರಾಯ, ಎಲ್ಲಾ ಇದಾವಾ ಅಂತ" ಎಂದು ಗಂಡಸರು ಹೆಂಡದಂಗಡಿಯಲ್ಲಿ ಕೂತು ನಗುತ್ತಿದ್ದರು. ದೆಶಾಳೂ ನಕ್ಕಿದ್ದಳು. ಹಾಗೆ ನಕ್ಕವಳು, ದೋಣಿಯಲ್ಲಿ ಮೀನು ತಂದು ಮಾರುತ್ತಿದ್ದ ವ್ಲಾಹೊನ ಉದ್ದ ಕುತ್ತಿಗೆಗೂ ನಿಧಾನದ ನಗೆಗೂ ಮನಸೋತು, ಅಪ್ಪನ ಮುನಿಸನ್ನೂ ಲೆಕ್ಕಿಸದೆ ಅದೇ ದೋಣಿ ಹತ್ತಿದಳು.

ವ್ಲಾಹೊನ ಅಕ್ಕ ವಿತ್ಸಾಳಿಗೆ 'ಆ ಕೈ' ಇತ್ತು. ದ್ವೀಪದಲ್ಲಿ ಅದಕ್ಕೆ ಬೇರೆ ಹೆಸರಿರಲಿಲ್ಲ. ಇದ್ದರೂ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೆಲವು ಮನೆಗಳಲ್ಲಿ, ಕೆಲವು ಮಕ್ಕಳಿಗೆ, ಹುಟ್ಟಿದ ಕೆಲವೇ ವಾರಗಳಲ್ಲಿ ಅಂಗೈ ಅಂಗಾಲು ಕೆಂಪಗಾಗುತ್ತಿದ್ದವು. ಆಮೇಲೆ ಅಲ್ಲಿನ ಚರ್ಮ ದಪ್ಪವಾಗುತ್ತ, ಹಳೆಯ ಮೇಣದ ಹಾಗೆ ಹಳದಿಯಾಗುತ್ತ, ಕೈಯ ಹಿಂಬದಿಗೂ ಮಣಿಕಟ್ಟಿಗೂ ಹತ್ತುತ್ತಿತ್ತು. ಬೆವರಿದರೆ ನಾತ. ಒಣಗಿದರೆ ಬಿರುಕು. ವಿತ್ಸಾಳ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಅವಳು ಮದುವೆಯಾಗಿರಲಿಲ್ಲ, ಮೇಕೆ ಕೊಟ್ಟಿಗೆಯ ಆಚೆ ಒಂದು ಕೋಣೆ ಕಟ್ಟಿಸಿಕೊಂಡು ಇದ್ದಳು. ಬಲೆ ಎಳೆಯುವಾಗ ಗಂಡಸರ ಅಂಗೈ ಸುಲಿದರೂ ಅವಳದಕ್ಕೆ ಏನೂ ಆಗುತ್ತಿರಲಿಲ್ಲ. "ನನಗೆ ದೇವರು ಗವಸು ಹಾಕ್ಸೇ ಕಳಿಸಿದಾನೆ ಕಣ್ರೋ" ಎಂದು ಅವಳೇ ತಮಾಷೆ ಮಾಡುತ್ತಿದ್ದಳು.

ದೆಶಾ ವಿತ್ಸಾಳ ಜೊತೆ ಚೆನ್ನಾಗಿಯೇ ಇದ್ದಳು. ಆದರೆ ಅವಳು ಹಿಂಡಿದ ಹಾಲಿನ ಗಿಣ್ಣನ್ನು ಮಾತ್ರ ತಿನ್ನುತ್ತಿರಲಿಲ್ಲ. ಹೊಟ್ಟೆಗೆ ಆಗುವುದಿಲ್ಲ ಎನ್ನುತ್ತಿದ್ದಳು. ಅತ್ತೆ ನಿಕೆ ಅದನ್ನು ಗಮನಿಸಿದ್ದಳು, ಏನೂ ಅಂದಿರಲಿಲ್ಲ.

ಮೊದಲ ಮಗು ಲೂಕ್ರೆ ಹುಟ್ಟಿದ್ದು ಆಲಿವ್ ಕೊಯ್ಲಿನ ಕಾಲದಲ್ಲಿ. ಒಂದು ದಿನ ಮಗುವಿಗೆ ಸ್ನಾನ ಮಾಡಿಸುತ್ತಿದ್ದ ನಿಕೆ ಇದ್ದಕ್ಕಿದ್ದಂತೆ ಕೈ ತಡೆದಳು. ಮಗುವಿನ ಪುಟ್ಟ ಮುಷ್ಟಿ ಬಿಡಿಸಿ ನೋಡಿದಳು, ಮತ್ತೆ ಮುಚ್ಚಿದಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು.

"ಏನಾಯ್ತು ಅತ್ತೆ? ನೀರು ಬಿಸಿ ಇತ್ತಾ? ಕೈ ಯಾಕೆ ಇಷ್ಟು ಕೆಂಪಾಗಿದೆ?"

"ನೀರಿಂದಲ್ಲ ಕಣಮ್ಮ" ಎಂದಳು ನಿಕೆ, ತಿರುಗದೆಯೇ.

ದೆಶಾಳಿಗೆ ಅರ್ಥವಾಯಿತು. ಅವಳು ಮಗುವನ್ನು ಕಿತ್ತುಕೊಂಡು, ಒದ್ದೆ ಮೈಯಲ್ಲೇ ಎದೆಗೊತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಚಳಿಗಾಲವೆಲ್ಲ ಅವಳೊಳಗೆ ಕುದಿಯುತ್ತಿದ್ದದ್ದು ಆಲಿವ್ ಗಾಣದ ಹತ್ತಿರ ಹೊರಗೆ ಬಿತ್ತು. ಊರಿನ ಹೆಂಗಸರೆಲ್ಲ ಎಣ್ಣೆಗೆ ಡಬ್ಬ ಹಿಡಿದು ಸಾಲಲ್ಲಿ ನಿಂತಿದ್ದರು. ಯಾರೋ ಮಗುವಿನ ಕಾಲುಚೀಲ ಸರಿಮಾಡಲು ಕೈಚಾಚಿದರು. ದೆಶಾ ಸರಕ್ಕನೆ ಹಿಂದೆ ಸರಿದಳು.

"ನೋಡ್ಬೇಕಾ? ನೋಡಿ, ಎಲ್ಲರೂ ನೋಡ್ಬಿಡಿ!" ಎಂದು ಮಗುವಿನ ಕಾಲುಚೀಲ ಎಳೆದು ಹಾಕಿದಳು. "ನಮ್ಮ ದಡದಲ್ಲಿ ಇಂಥದ್ದು ಯಾರೂ ಕಣ್ಣಲ್ಲೂ ಕಂಡಿಲ್ಲ. ಇದು ಇವರ ಮನೆ ಸೊತ್ತು. ನನ್ನನ್ನ ಕೇಳಿದ್ರಾ, ಹೇಳಿದ್ರಾ? ನಮ್ಮತ್ತೆ ಬೆಳ್ಳಿ ಚಮಚ ಕೊಡ್ಲಿಲ್ಲ, ಇದನ್ನ ಕೊಟ್ರು!"

ಸಾಲಿನಲ್ಲಿ ನಿಂತವರು ಯಾರೂ ನಗಲಿಲ್ಲ. ನಿಕೆ ತನ್ನ ಡಬ್ಬ ತುಂಬಿಸಿಕೊಂಡಳು, ಮುಚ್ಚಳ ಬಿಗಿದಳು, ನೆಲಕ್ಕೆ ಬಿದ್ದಿದ್ದ ಕಾಲುಚೀಲ ಎತ್ತಿ ದೂಳು ಕೊಡವಿ ಸೊಸೆಯ ಕೈಗಿತ್ತಳು. "ಚಳಿ ಇದೆ, ಹಾಕು" ಎಂದಳು. ಅಷ್ಟೇ.

ಆಮೇಲಿನ ವರ್ಷಗಳಲ್ಲಿ ದೆಶಾ ಅದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಎಷ್ಟೋ ಸಲ ಆಡಿದಳು. ಮಗುವಿನ ಹಿಮ್ಮಡಿ ಬಿರುಕು ಬಿಟ್ಟು ರಕ್ತ ಬಂದರೆ ಆಡಿದಳು. ಎರಡನೆಯವನು ಬಾಲ್ದೊ ಹುಟ್ಟಿ, ಅವನ ಅಂಗೈಯೂ ಕೆಂಪಗಾದಾಗ ಆಡಿದಳು. ವ್ಲಾಹೊ ಕೇಳಿಸಿಕೊಂಡು ದೋಣಿಯ ಕಡೆ ಹೋಗುತ್ತಿದ್ದ. ನಿಕೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಳು.

ಮಕ್ಕಳನ್ನು ಸಾಕುವುದನ್ನು ಮಾತ್ರ ದೆಶಾ ಮೈಮುರಿದು ಕಲಿತಳು. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಕಲಿಸಿದವಳು ವಿತ್ಸಾ. ಬೆಳಿಗ್ಗೆ ಎದ್ದ ಕೂಡಲೇ ಎರಡು ಬೋಗುಣಿಯಲ್ಲಿ ಬೆಚ್ಚಗಿನ ನೀರು, ಸ್ವಲ್ಪ ಸೋಡ. ಮಕ್ಕಳು ಎದುರುಬದುರು ಕೂತು ಕೈಕಾಲು ನೆನೆಹಾಕಬೇಕು. ಚರ್ಮ ನೆಂದು ಬೆಳ್ಳಗಾದ ಮೇಲೆ ತೂತುಗಲ್ಲಿನಿಂದ ಮೆಲ್ಲಗೆ ಉಜ್ಜಬೇಕು. ಜಾಸ್ತಿ ಉಜ್ಜಿದರೆ ರಕ್ತ, ಕಮ್ಮಿ ಉಜ್ಜಿದರೆ ಮರುದಿನ ಬೆರಳು ಮಡಚುವುದಿಲ್ಲ. ಬೆರಳ ಸಂದು ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ಕೊಳೆತು ಜ್ವರ ಬರುತ್ತದೆ. ಆಮೇಲೆ ಆಲಿವ್ ಎಣ್ಣೆಗೆ ಮೇಣ ಕರಗಿಸಿದ್ದನ್ನು ಸವರಿ, ಹಳೆಯ ಅಂಗಿಗಳಿಂದ ಹೊಲಿದ ಹತ್ತಿ ಗವಸು ಹಾಕಬೇಕು. ಮಧ್ಯಾಹ್ನ ಗವಸು ಬದಲಿಸಬೇಕು, ಒಗೆಯಬೇಕು. ಬೇಸಿಗೆಯಲ್ಲಿ ಎರಡು ಪಟ್ಟು ಕೆಲಸ. ದೆಶಾಳ ಹೊಲಿಗೆ ಯಂತ್ರ ಹೊಸ ಅಂಗಿ ಹೊಲಿದದ್ದಕ್ಕಿಂತ ಗವಸು ಹೊಲಿದದ್ದೇ ಹೆಚ್ಚು.

ಮಕ್ಕಳಿಗೆ ಅದು ಬೆಳಗಿನ ತಿಂಡಿಯಷ್ಟೇ ಸಹಜ. ಬಾಲ್ದೊಗೆ ಅದರಲ್ಲಿ ಜಂಬವೂ ಇತ್ತು. ಓರಗೆಯ ಹುಡುಗರು ಕಡಲ ತಳದ ಕಪ್ಪು ಮುಳ್ಳುಚೆಂಡಿನಂಥ ಜೀವಿಗಳಿಗೆ ಹೆದರಿ ಬಂಡೆಯ ಮೇಲೆ ನಿಂತಿದ್ದರೆ, ಇವನು ಬರಿಗಾಲಲ್ಲಿ ನೀರಿಗಿಳಿದು, "ಬನ್ರೋ ಹೇಡಿಗಳಾ! ನನ್ನ ಕಾಲಿಗೆ ಚುಚ್ಚಿದ್ರೆ ಮುಳ್ಳೇ ಮುರಿಯುತ್ತೆ!" ಎಂದು ಕೂಗುತ್ತಿದ್ದ. ನಾಲ್ಕು ವರ್ಷದ ಪೋರ.

ಲೂಕ್ರೆ ಹಾಗಲ್ಲ. ಅವಳು ಸುತ್ತಲಿನವರ ಮುಖ ನೋಡುವ ಮಗು. ಚರ್ಚಿನಲ್ಲಿ ಪಾದ್ರಿ "ಒಬ್ಬರಿಗೊಬ್ಬರು ಶಾಂತಿ ಹಾರೈಸಿ" ಎಂದಾಗ ಎಲ್ಲರೂ ಅಕ್ಕಪಕ್ಕದವರ ಕೈ ಹಿಡಿಯುತ್ತಿದ್ದರು. ಆ ಮಾತು ಬರುವುದಕ್ಕೆ ಸ್ವಲ್ಪ ಮುಂಚೆಯೇ ಲೂಕ್ರೆ ಬಗ್ಗಿ ಶೂ ದಾರ ಬಿಚ್ಚಿ ಕಟ್ಟಲು ಶುರುಮಾಡುತ್ತಿದ್ದಳು. ಎಲ್ಲರೂ ಕೈ ಬಿಟ್ಟ ಮೇಲೆ ತಲೆ ಎತ್ತುತ್ತಿದ್ದಳು. ದೆಶಾಳಿಗೆ ಅದು ಕಾಣುತ್ತಿತ್ತು. ಕಂಡರೂ, ಒಳಗೊಳಗೆ, ಸದ್ಯ ಎನಿಸುತ್ತಿತ್ತು.

ಲೂಕ್ರೆಗೆ ಆರು ತುಂಬಿದ ಮೇಲಿನ ವಸಂತದಲ್ಲಿ ಊರಿನ ಶಾಲೆಗೆ ಒಬ್ಬ ಚರ್ಮದ ಡಾಕ್ಟರಮ್ಮ ಬಂದಳು. ದೊಡ್ಡ ಊರಿನವಳು, ಆದರೆ ಮಾತು ಮೆತ್ತಗೆ. ಆ ಕೈ ಇದ್ದವರನ್ನೆಲ್ಲ ಬರಹೇಳಿದ್ದಳು. ಸೀಮೆಸುಣ್ಣದ ವಾಸನೆಯ ಆ ಕೋಣೆಯಲ್ಲಿ, ಮಕ್ಕಳ ಪುಟ್ಟ ಬೆಂಚುಗಳ ಮೇಲೆ ದೆಶಾ, ನಿಕೆ, ವಿತ್ಸಾ ಮೊಣಕಾಲು ಮಡಚಿ ಕೂತರು. ಡಾಕ್ಟರಮ್ಮ ಬರಿಗೈಯಲ್ಲೇ ಬಾಲ್ದೊನ ಅಂಗಾಲು ಹಿಡಿದು ತಿರುಗಿಸಿ ನೋಡಿದಳು.

"ತುಂಬ ಚೆನ್ನಾಗಿ ನೋಡ್ಕೊಂಡಿದೀರಾ" ಎಂದಳು. "ಇದು ಅಂಟುರೋಗ ಅಲ್ಲ. ಯಾರಾದ್ರೂ ಹಾಗಂದ್ರೆ ನನ್ನ ಹತ್ರ ಕಳಿಸಿ. ಮೆತ್ತಗೆ ಮಾಡೋಕೆ ಮುಲಾಮು ಕೊಡ್ತೀನಿ. ಪೂರ್ತಿ ಹೋಗೋದು ಮಾತ್ರ ಸದ್ಯಕ್ಕಿಲ್ಲ."

"ಇದು ಗಂಡನ ಮನೆ ಕಡೆಯಿಂದ ಬಂದಿದ್ದು ಡಾಕ್ಟ್ರೇ" ಎಂದಳು ದೆಶಾ. ಆ ವಾಕ್ಯ ಅವಳ ಬಾಯಿಗೆ ಉಸಿರಿನಷ್ಟೇ ಸಲೀಸಾಗಿತ್ತು. "ನಮ್ಮ ಕಡೆ ಯಾರಿಗೂ ಇಲ್ಲ."

"ಕಾಣದೆ ಇರುತ್ತಮ್ಮ. ಇದು ಮಗುಗೆ ಬರಬೇಕಾದ್ರೆ ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು ಬರಲೇಬೇಕು. ಒಂದು ಕಡೆಯಿಂದ ಮಾತ್ರ ಬಂದ್ರೆ ಮಗುಗೆ ಏನೂ ಆಗಲ್ಲ. ನಿಮ್ಮ ಪೈಕಿ ಈ ದ್ವೀಪದವರು ಯಾರಾದ್ರೂ ಇದ್ರಾ?"

ಹೊರಗೆ ಮಕ್ಕಳು ಚೆಂಡು ಒದೆಯುತ್ತಿದ್ದರು. ದೆಶಾ ತನ್ನ ಸ್ಕರ್ಟಿನ ಅಂಚನ್ನು ಮಡಚಿದಳು, ಬಿಡಿಸಿದಳು.

"ಅಜ್ಜಿ" ಎಂದಳು ಕೊನೆಗೆ. "ನನ್ನಮ್ಮನ ಅಮ್ಮ. ಇಲ್ಲಿಯವಳೇ."

ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಚಿಕ್ಕಂದಿನಿಂದ ಗೊತ್ತಿತ್ತು. ಆದರೆ ತನ್ನ ಮನೆಯಲ್ಲಿ ಯಾರೂ ಆಡದ ಆ ಮಾತನ್ನು ಅವಳೂ ಎಂದೂ ಆಡಿರಲಿಲ್ಲ. ಆಡದೆ ಆಡದೆ, ಅದು ಇಲ್ಲವೇ ಇಲ್ಲ ಎನ್ನುವ ಹಾಗೆ ಬದುಕಿಬಿಟ್ಟಿದ್ದಳು. ಈಗ ಅತ್ತೆಯ ಎದುರು, ವಿತ್ಸಾಳ ಎದುರು, ಅದು ಬಾಯಿಂದ ಬಿದ್ದಾಗ ಅವಳು ಕೂತಲ್ಲೇ ಹಿಡಿಯಷ್ಟಾದಳು. ಗಾಣದ ಹತ್ತಿರ ಸಾಲಲ್ಲಿ ನಿಂತಿದ್ದ ಒಂದೊಂದು ಮುಖವೂ ಕಣ್ಣ ಮುಂದೆ ಬಂತು.

ಮನೆಗೆ ಹೋಗುವ ಏರುದಾರಿಯಲ್ಲಿ ಮಕ್ಕಳು ವಿತ್ಸಾಳ ಜೊತೆ ಮುಂದೆ ಓಡಿದರು. ನಿಕೆ ಕೋಲೂರಿಕೊಂಡು ನಿಧಾನ ನಡೆಯುತ್ತಿದ್ದಳು. ದೆಶಾ ಅವಳಿಗಿಂತ ಒಂದು ಹೆಜ್ಜೆ ಹಿಂದೆ.

"ನಿಮಗೆ ಗೊತ್ತಿತ್ತಾ?" ಎಂದಳು.

"ನಿಮ್ಮಜ್ಜಿ ಪವಾ ಅಲ್ವಾ? ಮೇಲಿನ ಕೇರಿಯವಳು. ಅವಳ ತಮ್ಮನಿಗೂ ಆ ಕೈ ಇತ್ತು. ನನಗೆ ಗೊತ್ತಿಲ್ದೆ ಏನು?"

"ಮತ್ತೆ ಯಾಕೆ ಹೇಳ್ಲಿಲ್ಲ? ಇಷ್ಟು ವರ್ಷ ನಾನು ಊರ ಮುಂದೆ ನಿಮ್ಮನ್ನ... ಒಂದೇ ಒಂದು ಮಾತು ತಿರುಗಿಸಿ ಅಂದಿದ್ರೆ ನನ್ನ ಬಾಯಿ ಮುಚ್ಚಿಹೋಗ್ತಿತ್ತಲ್ಲ ಅತ್ತೆ!"

ನಿಕೆ ಒಂದು ಕ್ಷಣ ನಿಂತು ಉಸಿರು ತಗೊಂಡಳು. "ನಿನಗೆ ಬೈಯೋಕೆ ಯಾರಾದ್ರೂ ಬೇಕಿತ್ತು ಕಣೆ. ನಾನಿದ್ದೆ. ನಾನೂ ಇಲ್ಲ ಅಂದ್ರೆ ನಿನ್ನನ್ನ ನೀನೇ ತಿಂದ್ಕೊಳ್ತಿದ್ದೆ. ಆಮೇಲೆ ಮಕ್ಕಳ ಕಾಲು ಉಜ್ಜೋರು ಯಾರು?" ಎಂದು ಮತ್ತೆ ನಡೆದಳು. "ಬಾ, ಸೊಪ್ಪು ಬೇಯೋಕೆ ಇಟ್ಟು ಬಂದಿದೀನಿ."

ಅತ್ತೆ ಎರಡು ಬೈದಿದ್ದರೆ ದೆಶಾಳಿಗೆ ಹಗುರಾಗುತ್ತಿತ್ತೋ ಏನೋ. ಬೈಯದೆ ಇದ್ದದ್ದೇ ಭಾರವಾಯಿತು. ಕ್ಷಮೆ ಕೇಳಬೇಕು ಎಂದು ಪ್ರತಿ ಬೆಳಿಗ್ಗೆ ಅಂದುಕೊಳ್ಳುವಳು. ಬೋಗುಣಿಗೆ ನೀರು ಬಗ್ಗಿಸುವಷ್ಟರಲ್ಲಿ ಧೈರ್ಯ ಸೋರಿಹೋಗುತ್ತಿತ್ತು. ಅವಳ ಮಾತು ಕಮ್ಮಿಯಾಯಿತು. ಗಾಣದ ಕಡೆ, ಅಂಗಡಿಯ ಕಡೆ ಹೋಗುವುದನ್ನು ಬಿಟ್ಟಳು. ಮಕ್ಕಳ ಕೈಗಳನ್ನು ಮೊದಲು ಕೋಪದಿಂದ ನೋಡುತ್ತಿದ್ದವಳು ಈಗ ತಾನೇ ಮಾಡಿದ ತಪ್ಪಿನ ಹಾಗೆ ನೋಡತೊಡಗಿದಳು. ಬೇರೆಯವರು ನೋಡದಿದ್ದರೆ ಸಾಕು ಎನಿಸುತ್ತಿತ್ತು. ಬೇಸಿಗೆಯ ಬಿಸಿಲಲ್ಲೂ ಉದ್ದ ತೋಳಿನ ಅಂಗಿ ಹಾಕುತ್ತಿದ್ದಳು.

ಆ ಬೇಸಿಗೆ ಅವರ ಮುಂಭಾಗದ ಕೋಣೆಗೆ ಝಾಗ್ರೆಬ್‌ನಿಂದ ಬಾಡಿಗೆಗೆ ಅತಿಥಿಗಳು ಬಂದರು, ಗಂಡ ಹೆಂಡತಿ. ಹೆಂಡತಿಯ ಹೆಸರು ಝ್ಲಾತಾ, ಶಾಲೆಯಲ್ಲಿ ಸಂಗೀತ ಕಲಿಸುವವಳು. ಊರಿನಲ್ಲಿ ಎಲ್ಲರೂ ಬೇಸಿಗೆಗೆ ಕೋಣೆ ಕೊಡುತ್ತಿದ್ದರು. ದೆಶಾಳ ಮನೆಗೆ ಇವರೇ ಮೊದಲು. ಅತಿಥಿಗಳು ಇರುವಷ್ಟು ದಿನ ಮಕ್ಕಳು ವಿತ್ಸಾಳ ಕೋಣೆಯಲ್ಲಿ ಇರಲಿ ಎಂದು ದೆಶಾ ಹೇಳಿದಳು. ಜಾಗ ಸಾಲದು ಎಂಬ ಕಾರಣ ಕೊಟ್ಟಳು. ಗಂಡ ಒಂದು ಸಲ ಅವಳ ಮುಖ ನೋಡಿದ, ಮಕ್ಕಳ ಹಾಸಿಗೆ ಹೊತ್ತು ಆಚೆ ಇಟ್ಟುಬಂದ.

ಎರಡನೇ ದಿನವೋ ಮೂರನೇ ದಿನವೋ, ಮಧ್ಯಾಹ್ನದ ಹೊತ್ತು. ದ್ರಾಕ್ಷಿ ಚಪ್ಪರದ ಕೆಳಗೆ ಅತಿಥಿಗಳು ಹುರಿದ ಮೀನು ತಿನ್ನುತ್ತಿದ್ದರು. ದೆಶಾ ವೈನಿನ ಹೂಜಿ ಹಿಡಿದು ನಿಂತಿದ್ದಳು. ಆಗ ಲೂಕ್ರೆ ಕೊಟ್ಟಿಗೆಯ ಕಡೆಯಿಂದ ಒಂದು ತಟ್ಟೆ ತುಂಬ ಅಂಜೂರ ತಂದಳು. ತಾನೇ ಕೊಯ್ದದ್ದು. ಸೆಕೆಗೆ ಗವಸು ಬಿಚ್ಚಿಹಾಕಿದ್ದಳು. ಮನೆಗೆ ಬಂದವರಿಗೆ ಏನಾದರೂ ಕೊಡಬೇಕು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವಳಿಗೇ ಹೊಳೆದದ್ದು.

"ತಗೊಳ್ಳಿ, ಸಿಹಿ ಇದಾವೆ" ಎಂದು ತಟ್ಟೆ ಚಾಚಿದಳು.

ಝ್ಲಾತಾ ನಗುತ್ತ ಕೈ ಚಾಚಿದವಳು ತಟ್ಟೆ ಹಿಡಿದಿದ್ದ ಬೆರಳುಗಳನ್ನು ಕಂಡಳು. ಅವಳ ಕೈ ಅರ್ಧ ದಾರಿಯಲ್ಲಿ ನಿಂತಿತು. ಕೆಟ್ಟ ಹೆಂಗಸಲ್ಲ ಅವಳು. ತಕ್ಷಣ ನಗೆಯನ್ನು ಮತ್ತೆ ಮುಖಕ್ಕೆ ತಂದುಕೊಂಡಳು. ಆದರೆ ಅಂಜೂರ ತೆಗೆದುಕೊಳ್ಳಲಿಲ್ಲ.

"ಅಯ್ಯೋ ಪಾಪ... ಯಾರ ಮಗು ಇದು?" ಎಂದು ದೆಶಾಳನ್ನು ಕೇಳಿದಳು.

"ಪಕ್ಕದ ಮನೇದು" ಎಂದಳು ದೆಶಾ.

ಯೋಚಿಸಿ ಆಡಿದ ಮಾತಲ್ಲ. ಆಡಿದ ಮೇಲೆ ವಾಪಸ್ ತೆಗೆದುಕೊಳ್ಳಲು ಸಮಯವಿತ್ತು. ಝ್ಲಾತಾ ಇನ್ನೂ ಅವಳ ಕಡೆಯೇ ನೋಡುತ್ತಿದ್ದಳು, ಲೂಕ್ರೆಯೂ ನೋಡುತ್ತಿದ್ದಳು. ದೆಶಾ ಹೂಜಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ನಿಮಗೆ ಮಕ್ಕಳು?"

"ಇಲ್ಲ" ಎಂದಳು. ಮೊದಲನೆಯ ಸುಳ್ಳು ಎರಡನೆಯದನ್ನು ತಾನೇ ಕೈಹಿಡಿದು ಕರೆತಂದಿತು.

ಲೂಕ್ರೆ ಅಳಲಿಲ್ಲ. ತಟ್ಟೆಯನ್ನು ಮೇಜಿನ ಮೂಲೆಯಲ್ಲಿ, ಯಾರಿಗೂ ಕೈ ತಾಗದ ಹಾಗೆ, ಇಟ್ಟಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಸ್ವಲ್ಪ ಹೊತ್ತು ಅಮ್ಮನ ಮುಖವನ್ನೇ ನೋಡಿ, ಏನೋ ಅರ್ಥವಾದವಳ ಹಾಗೆ ತಲೆಯಾಡಿಸಿದಳು.

"ಬರ್ತೀನಿ ದೆಶಾ ಚಿಕ್ಕಮ್ಮ" ಎಂದು ಹೇಳಿ, ಕೊಟ್ಟಿಗೆಯ ಕಡೆ ನಡೆದುಹೋದಳು.

ಅಂದಿನಿಂದ ಲೂಕ್ರೆ ಪಕ್ಕದ ಮನೆಯ ಹುಡುಗಿಯಾಗಿಬಿಟ್ಟಳು. ಹೊಸ್ತಿಲಲ್ಲಿ ನಿಂತು, "ಚಿಕ್ಕಮ್ಮ, ಒಳಗೆ ಬರ್ಲಾ?" ಎಂದು ಕೇಳಿಯೇ ಬರುತ್ತಿದ್ದಳು. ಬಾಲ್ದೊಗೂ ಪಾಠ ಹೇಳಿಕೊಟ್ಟಿದ್ದಳು. ಅವನು ಮಾತ್ರ ಮರೆಯುತ್ತಿದ್ದ. ಒಮ್ಮೆ ಅಂಗಳದಲ್ಲಿ ಬಿದ್ದು "ಅಮ್ಮಾ!" ಎಂದು ಕಿರುಚಿದವನ ಬಾಯಿಗೆ ಲೂಕ್ರೆ ಓಡಿಬಂದು ಗವಸಿನ ಕೈ ಒತ್ತಿದಳು. "ಅಮ್ಮ ಅಲ್ಲ ಕಣೋ ಪೆದ್ದ, ಚಿಕ್ಕಮ್ಮ. ಅವರು ಹೋಗೋವರೆಗೂ" ಎಂದು ಪಿಸುಗುಟ್ಟಿದ್ದು ಅಡುಗೆಮನೆಯೊಳಗಿದ್ದ ದೆಶಾಳಿಗೆ ಕೇಳಿಸಿತು. ಹೊರಗೆ ಹೋಗಿ ಮಗುವನ್ನು ಎತ್ತಿಕೊಳ್ಳಬೇಕಿತ್ತು. ಝ್ಲಾತಾ ಚಪ್ಪರದ ಕೆಳಗೆ ಪುಸ್ತಕ ಓದುತ್ತಿದ್ದಳು. ದೆಶಾ ಒಲೆಯ ಮುಂದೆಯೇ ನಿಂತಳು. ಇನ್ನು ಕೆಲವು ದಿನ, ಅವರು ಹೋಗುತ್ತಾರೆ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಳು. ಮಗುವಿನ ಮಂಡಿ ಒರೆಸಿದವಳು ನಿಕೆ.

ಒಂದು ಸಂಜೆ ಝ್ಲಾತಾ ಒಂದು ಕಾಗದದ ಚೀಲ ತಂದು ಕೊಟ್ಟಳು. ಒಳಗೆ ಚಾಕೊಲೇಟು, ಒಂದು ನೀಲಿ ಸ್ವೆಟರು.

"ಆ ಪಕ್ಕದ ಮನೆ ಮಕ್ಕಳಿಗೆ ಕೊಡ್ತೀರಾ? ನಾನೇ ಕೊಡೋಣ ಅಂದ್ರೆ... ಅವರಮ್ಮ ಏನಂದ್ಕೊಳ್ತಾಳೋ."

"ಏನೂ ಅಂದ್ಕೊಳ್ಳಲ್ಲ" ಎಂದು ದೆಶಾ ಚೀಲ ತಗೊಂಡಳು. ಥ್ಯಾಂಕ್ಸ್ ಎಂದೂ ಹೇಳಿದಳು.

ಅದನ್ನು ಹಿಡಿದು ವಿತ್ಸಾಳ ಕೋಣೆಗೆ ಹೋದಾಗ ಮಕ್ಕಳು ಬೋಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ವಿತ್ಸಾ ತೂತುಗಲ್ಲು ಹಿಡಿದು ನೆಲದ ಮೇಲೆ ಕೂತಿದ್ದಳು. ಚೀಲ ಬಿಚ್ಚಿದ್ದೇ ಬಾಲ್ದೊ ಚಾಕೊಲೇಟಿಗೆ ಬಾಯಿ ಹಾಕಿದ. ಅವರಿಬ್ಬರನ್ನೂ ಬಿಟ್ಟು ವಿತ್ಸಾ ಎದ್ದು ಹೊರಗೆ ಬಂದಳು, ಬಾಗಿಲು ಎಳೆದುಕೊಂಡಳು.

"ನಾನು ಅಮ್ಮ ಆಗ್ಬೇಕಂತೆ" ಎಂದಳು. "ನಿನ್ನ ಮಗಳು ಹೇಳಿದ್ಲು. 'ವಿತ್ಸತ್ತೆ, ಅವರು ಕೇಳಿದ್ರೆ ನೀನೇ ನಮ್ಮಮ್ಮ ಅನ್ನು, ಇಲ್ದಿದ್ರೆ ಅಮ್ಮ ಸುಳ್ಳಿ ಆಗ್ತಾಳೆ' ಅಂತ."

ದೆಶಾ ಮೇಕೆಗಳ ಕಡೆ ನೋಡುತ್ತ ನಿಂತಳು.

"ನೋಡು, ನನಗೆ ಮಕ್ಕಳಿಲ್ಲ. ಇಂಥ ಎರಡು ಮಕ್ಕಳು ಇದಾವೆ ಅಂತ ಹೇಳ್ಕೊಳ್ಳೋಕೆ ನನಗೆ ಖುಷಿಯೇ. ಅದಕ್ಕಲ್ಲ ನಾನು ಹೇಳ್ತಿರೋದು" ಎಂದಳು ವಿತ್ಸಾ. ಅವಳ ದನಿಯಲ್ಲಿ ಯಾವತ್ತಿನ ತಮಾಷೆ ಇರಲಿಲ್ಲ. "ಹೊರಗಿನವರ ದೊಡ್ಡ ದೋಣಿ ಬಂದಾಗಲೆಲ್ಲ ನಮ್ಮಮ್ಮನೂ ನನ್ನನ್ನ ಇದೇ ಕೊಟ್ಟಿಗೇಲಿ ಬಚ್ಚಿಡ್ತಿದ್ಲು. ಮೇಕೆ ಜೊತೆ. ನಾನು ಅತ್ತಿದೀನಿ, ಒದ್ದಿದೀನಿ. ಆದ್ರೆ ಯಾರಾದ್ರೂ 'ನಿಕೆ, ನಿನಗೆಷ್ಟು ಮಕ್ಕಳು' ಅಂದ್ರೆ 'ಇಬ್ಬರು' ಅಂತಿದ್ಲು. ಒಳಗಿಂದ ನನಗೆ ಕೇಳಿಸ್ತಿತ್ತು. ಇಬ್ಬರು ಅಂತಿದ್ಲು, ದೆಶಾ."

ಅಷ್ಟು ಹೇಳಿ ಒಳಗೆ ಹೋದಳು. ಬಾಗಿಲ ಸಂದಿಯಿಂದ ತೂತುಗಲ್ಲಿನ ಸದ್ದು ಮತ್ತೆ ಶುರುವಾಯಿತು.

ಅತಿಥಿಗಳು ಹೊರಡುವ ದಿನ ದೆಶಾ ಗಟ್ಟಿ ಮನಸ್ಸು ಮಾಡಿಕೊಂಡಳು. ಬೆಳಿಗ್ಗೆ ಕಾಫಿ ಬಗ್ಗಿಸುತ್ತ, ಅಂಗಳದ ಆಚೆ ಕೋಳಿಗೆ ಕಾಳು ಹಾಕುತ್ತಿದ್ದ ಮಗಳನ್ನು ಕರೆದಳು. "ಲೂಕ್ರೆ, ಬಾ ಇಲ್ಲಿ."

ಲೂಕ್ರೆ ಬಂದಳು, ನೀಲಿ ಸ್ವೆಟರು ತೊಟ್ಟುಕೊಂಡು, ಆ ಸೆಕೆಯಲ್ಲಿ.

"ಝ್ಲಾತಾ ಅವರೇ, ನಾನು ನಿಮ್ಮ ಹತ್ರ ಸುಳ್ಳು ಹೇಳಿದೆ. ಇವಳು ಪಕ್ಕದ ಮನೆಯವಳಲ್ಲ. ನನ್ನ ಮಗಳು. ಆ ಚಿಕ್ಕವನೂ ನನ್ನ ಮಗನೇ."

ಝ್ಲಾತಾ ಲೋಟ ಕೆಳಗಿಟ್ಟಳು. ಗಂಡನ ಕಡೆ, ಆಮೇಲೆ ಹುಡುಗಿಯ ಕಡೆ ನೋಡಿದಳು.

ಲೂಕ್ರೆಯ ಮುಖ ಕೆಂಪೇರಿತು. ಅಮ್ಮ ಎಲ್ಲೋ ತಪ್ಪಿ ಸಿಕ್ಕಿಬಿದ್ದಿದ್ದಾಳೆ, ತಾನು ಉಳಿಸಬೇಕು ಎಂದುಕೊಂಡಿತು ಆ ಮಗು.

"ಇಲ್ಲ" ಎಂದಳು ಗಟ್ಟಿಯಾಗಿ. "ನಾನು ಪಕ್ಕದ ಮನೆಯವಳೇ. ಚಿಕ್ಕಮ್ಮ ತಮಾಷೆ ಮಾಡ್ತಿದಾಳೆ. ನಮ್ಮಮ್ಮ ಅಲ್ಲಿದಾಳೆ, ಮೇಕೆ ಹತ್ರ."

ಝ್ಲಾತಾಳ ಗಂಡ ಕೆಮ್ಮಿ, ಸೂಟ್‌ಕೇಸ್ ನೋಡುವ ನೆಪದಲ್ಲಿ ಎದ್ದುಹೋದ. ದೆಶಾಳಿಗೆ ಏನು ತೋಚಿತೋ, ಒಳಗೆ ನುಗ್ಗಿ ಬೋಗುಣಿ ತಂದಳು, ಬಿಸಿನೀರು ತಂದಳು, ಚಪ್ಪರದ ಕೆಳಗೆ, ಅತಿಥಿಯ ಎದುರಿಗೇ ಇಟ್ಟು, ಮಗಳನ್ನು ಕುರ್ಚಿಯಲ್ಲಿ ಕೂರಿಸಿ ಅವಳ ಕಾಲುಚೀಲ ಎಳೆದಳು. ಆ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ನೀರಿಗಿಟ್ಟಳು.

"ದಿನಾ ಹೀಗೇ ಮಾಡ್ತೀನಿ ನಾನು. ಆರು ವರ್ಷದಿಂದ. ಅಮ್ಮ ಅಲ್ದೆ ಯಾರು ಮಾಡ್ತಾರೆ, ಹೇಳಿ!"

ಅವಳ ದನಿ ಕಿರುಚಿದ ಹಾಗಿತ್ತು. ಝ್ಲಾತಾಳ ಕಣ್ಣಲ್ಲಿ ನೀರು ತುಂಬಿತು. ಆದರೂ ಅವಳ ನೋಟ ನೀರಿನೊಳಗಿನ ಆ ಪಾದಗಳನ್ನು ಬಿಟ್ಟು ಕದಲಲಿಲ್ಲ. ಲೂಕ್ರೆ ಅದನ್ನು ಕಂಡಳು. ಸ್ವೆಟರಿನ ಅಂಚನ್ನು ಮಂಡಿಯ ಮೇಲೆ ಎಳೆದುಕೊಂಡು, ಪಾದ ಮುಚ್ಚಲು ನೋಡಿದಳು. ಮುಚ್ಚಲಾಗಲಿಲ್ಲ.

"ಅಮ್ಮಾ" ಎಂದಳು ಮೆಲ್ಲಗೆ. "ಒಳಗೆ ಹೋಗೋಣಮ್ಮ."

ಆಗ ದೆಶಾಳಿಗೆ ತಿಳಿಯಿತು. ಆರು ವರ್ಷದ ಹಿಂದೆ ಗಾಣದ ಹತ್ತಿರ ಮಗುವಿನ ಕಾಲುಚೀಲ ಎಳೆದುಹಾಕಿದ್ದೂ ಇದೇ ಕೈ. ಆಗ ಅತ್ತೆಯನ್ನು ಬೈಯಲು ಮಗುವಿನ ಕಾಲು ತೋರಿಸಿದ್ದಳು, ಈಗ ತಾನು ಒಳ್ಳೆಯ ತಾಯಿ ಎನಿಸಿಕೊಳ್ಳಲು ತೋರಿಸುತ್ತಿದ್ದಾಳೆ. ಎರಡು ಸಲವೂ ಮಗುವನ್ನು ಕೇಳಿರಲಿಲ್ಲ. ಅವಳು ಒದ್ದೆ ಪಾದಗಳನ್ನು ತಾನು ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಯಲ್ಲಿ ಸುತ್ತಿ, ಮಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆರು ವರ್ಷದ ಹುಡುಗಿ ಭಾರವಾಗಿದ್ದಳು.

ಅಡುಗೆಮನೆಯಲ್ಲಿ ನಿಕೆ ಬಟಾಣಿ ಬಿಡಿಸುತ್ತಿದ್ದಳು. ಮಗಳನ್ನು ಬೆಂಚಿನ ಮೇಲಿಳಿಸಿದ ದೆಶಾ ಅತ್ತೆಯ ಕಾಲ ಬಳಿ ಕಲ್ಲಿನ ನೆಲದ ಮೇಲೆ ಕೂತುಬಿಟ್ಟಳು. "ತಪ್ಪಾಯ್ತು ಅತ್ತೆ" ಎಂದಳು. "ಗಾಣದ ಹತ್ರ ಆಡಿದ್ದಕ್ಕೆ. ಆಮೇಲೆ ಆಡಿದ್ದಕ್ಕೂ."

ನಿಕೆ ಮಡಿಲಿನ ಬಟಾಣಿ ಚೆಲ್ಲದ ಹಾಗೆ ಸ್ವಲ್ಪ ಸರಿದು ಕೂತಳು. "ನನ್ನ ಹತ್ರ ಆಯ್ತು ಬಿಡು" ಎಂದಳು. "ಅವಳ ಹತ್ರ ಹೇಳು. ಅವಳಿಗೆ ನಿಧಾನಕ್ಕೆ ಆಗುತ್ತೆ."

ನಿಧಾನಕ್ಕೇ ಆಯಿತು. ಅತಿಥಿಗಳು ಮಧ್ಯಾಹ್ನದ ಹಡಗಿಗೆ ಹೋದರು. ಮಕ್ಕಳ ಹಾಸಿಗೆ ಮನೆಯೊಳಗೆ ವಾಪಸ್ ಬಂತು. ದೆಶಾ ಮಗಳ ಹತ್ತಿರ ತಪ್ಪಾಯಿತು ಎಂದಳು. ಲೂಕ್ರೆ "ಹೂಂ" ಎಂದು ಬೊಂಬೆಯ ಕೂದಲು ಬಾಚಿದಳು. ಮನೆಯೊಳಗೆ ಅಮ್ಮಾ ಎಂದು ಕರೆಯುತ್ತಿದ್ದಳು. ಹೊರಗಿನವರು ಯಾರಾದರೂ ಇದ್ದರೆ ಮಾತ್ರ ಅಮ್ಮ ಎನ್ನುತ್ತಿರಲಿಲ್ಲ, ಚಿಕ್ಕಮ್ಮ ಎಂದೂ ಅನ್ನುತ್ತಿರಲಿಲ್ಲ. ಹತ್ತಿರ ಬಂದು ಸ್ಕರ್ಟು ಜಗ್ಗಿ, ಹೇಳಬೇಕಾದ್ದನ್ನು ಹೇಳುತ್ತಿದ್ದಳು. ಮುಂದಿನ ವರ್ಷ, ಆಚೆ ವರ್ಷವೂ ಹಾಗೇ. ಒಂದು ದಿನ ಶಾಲೆಯ ಅಂಗಳದಲ್ಲಿ, ಬೇರೆ ಮಕ್ಕಳ ನಡುವೆ ನಿಂತು, ಬುತ್ತಿ ಮರೆತದ್ದಕ್ಕೆ ಸಿಟ್ಟಿನಿಂದ "ಅಮ್ಮಾ, ಎಷ್ಟು ಸಲ ಹೇಳೋದು ನಿನಗೆ!" ಎಂದು ಕೂಗಿದಾಗ ದೆಶಾ ಬೈಗುಳ ತಿಂದ ಖುಷಿಯಲ್ಲಿ ಗೋಡೆ ಹಿಡಿದು ನಿಂತುಕೊಂಡಳು.

ಆ ಮನೆಗೆ ಅತಿಥಿಗಳು ಆಮೇಲೂ ಬಂದರು. ಬಾಗಿಲಲ್ಲೇ, ಸೂಟ್‌ಕೇಸ್ ಇಳಿಸುವ ಮೊದಲೇ, ದೆಶಾ ಹೇಳಿಬಿಡುತ್ತಿದ್ದಳು: "ನಮ್ಮ ಮಕ್ಕಳಿಗೆ ಈ ಕೈ ಇದೆ. ಅಂಟಲ್ಲ. ಆಗಲ್ಲ ಅಂದ್ರೆ ಮುಂದಿನ ಮನೇಲೂ ಕೋಣೆ ಇದೆ." ಕೆಲವರು ಮುಂದಿನ ಮನೆಗೆ ಹೋದರು. ಹೋದವರ ಬೆನ್ನಿಗೆ ಬಾಲ್ದೊ, "ಅಲ್ಲಿ ತಿಗಣೆ ಇದೆ!" ಎಂದು ಕೂಗುತ್ತಿದ್ದ. ವಿತ್ಸಾ ಹಿಂಡಿದ ಹಾಲಿನ ಗಿಣ್ಣು ಮೇಜಿನ ಮೇಲೆ ಇರುತ್ತಿತ್ತು, ದೆಶಾಳೂ ತಿನ್ನುತ್ತಿದ್ದಳು.

ಬಾಲ್ದೊ ದೊಡ್ಡವನಾಗಿ ಹಡಗಿನ ಎಂಜಿನ್ ಕೆಲಸಕ್ಕೆ ಸೇರಿದ. ಕಾಲ ಕಳೆದ ಮೇಲೆ ಹೊಸ ಮಾತ್ರೆಗಳು ಬಂದವು. ಅವನಿಗೆ ಚೆನ್ನಾಗಿ ಹಿಡಿದವು, ಲೂಕ್ರೆಗೆ ಅಷ್ಟಾಗಿ ಹಿಡಿಯಲಿಲ್ಲ. ಲೂಕ್ರೆ ದೊಡ್ಡ ಊರಿನಲ್ಲಿ ಓದಿ, ಅಲ್ಲಿಯೇ ಒಂದು ಔಷಧದಂಗಡಿಯಲ್ಲಿ ಕೆಲಸ ಹಿಡಿದು ಮದುವೆಯಾದಳು. ಮದುವೆಯ ದಿನ ಚರ್ಚಿನಲ್ಲಿ ಗವಸು ಬಿಚ್ಚಿಯೇ ಉಂಗುರಕ್ಕೆ ಕೈ ಚಾಚಿದಳು. ಉಂಗುರ ಬೆರಳಿಗೆ ಏರಲಿಲ್ಲ, ಇಬ್ಬರೂ ನಕ್ಕು ಅದನ್ನು ಸರಕ್ಕೆ ಪೋಣಿಸಿಕೊಂಡರು. ನಿಕೆ ಅದನ್ನು ನೋಡಲು ಇರಲಿಲ್ಲ. ವಿತ್ಸಾ ಇದ್ದಳು. ಅವಳ ಕೊನೆಯ ವರ್ಷಗಳಲ್ಲಿ, ಬಗ್ಗಲು ಆಗದೆ ಹೋದಾಗ, ಬೋಗುಣಿಗೆ ನೀರು ಹಾಕಿ ಅವಳ ಕೈಕಾಲು ಉಜ್ಜಿದವಳು ದೆಶಾ.

ಒಮ್ಮೆ, ಮೊಮ್ಮಕ್ಕಳು ಬಂದಿದ್ದ ಬೇಸಿಗೆಯಲ್ಲಿ, ಸಿಪ್ಪೆ ಸುಲಿದ ಕಿತ್ತಳೆ ಹಂಚುತ್ತ ದೆಶಾ ಮಗಳನ್ನು ಕೇಳಿದಳು. "ನಿನಗೆ ಆ ಝಾಗ್ರೆಬ್‌ನವರು ನೆನಪಿದಾರಾ? ಅಂಜೂರ ತಂದಿದ್ದೆ ನೀನು."

"ಯಾವ ಝಾಗ್ರೆಬ್‌ನವರು? ಎಷ್ಟು ಜನ ಬರ್ತಿದ್ರಮ್ಮ" ಎಂದಳು ಲೂಕ್ರೆ. "ಸ್ವೆಟರ್ ಕೊಟ್ಟಿದ್ರಲ್ಲ, ಅವರಾ?"

ದೆಶಾ ಕಾದಳು. ಲೂಕ್ರೆ ಮತ್ತೇನೂ ಹೇಳಲಿಲ್ಲ. ಅವಳಿಗೆ ಸ್ವೆಟರು ಮಾತ್ರ ನೆನಪಿತ್ತೋ, ಎಲ್ಲವೂ ನೆನಪಿದ್ದು ಅಮ್ಮನಿಗಾಗಿ ಸ್ವೆಟರಿನಲ್ಲೇ ಮಾತು ನಿಲ್ಲಿಸಿದಳೋ, ದೆಶಾಳಿಗೆ ಗೊತ್ತಾಗಲಿಲ್ಲ. ಮತ್ತೆ ಕೇಳಲು ಅವಳಿಗೆ ನಾಚಿಕೆಯಾಯಿತು. ಕಿತ್ತಳೆಯ ಒಂದು ತೊಳೆ ಬಿಡಿಸಿ ಮಗಳ ಅಂಗೈಯಲ್ಲಿಟ್ಟಳು. ಆಚೆ ಬಂಡೆಯ ಮೇಲೆ ಮಕ್ಕಳು ಯಾರೋ ನೀರಿಗೆ ದೂಡಿದ್ದಕ್ಕೆ ಜಗಳವಾಡುತ್ತಿದ್ದರು. ಲೂಕ್ರೆ ತೊಳೆಯನ್ನು ಬಾಯಿಗೆ ಹಾಕಿಕೊಂಡು, ಅವರನ್ನು ಬಿಡಿಸಲು ಎದ್ದುಹೋದಳು.